ಒಂದೂವರೆ ಗಂಟೆ ಮೊದಲು

ಆರತಿಗೆ ಕರ್ಪೂರ ಹಚ್ಚುವ ಮುಂಚೆ
ನನ್ನ ಮಗಳು ಸೂರು ನೋಡುತ್ತಾಳೆ.
ಅರಸೀಕೆರೆಯ ಈ ಬಾಡಿಗೆ ಮನೆಯ ಸೂರಿನಲ್ಲಿ
ಒಂದು ಫ್ಯಾನು, ಒಂದು ಹಲ್ಲಿ,
ಹಿಂದಿನವರು ಬಿಟ್ಟುಹೋದ ತೊಟ್ಟಿಲ ಕೊಕ್ಕೆ.
"ಅಮ್ಮಾ, ಟೋಪಿ ಹಾಕ್ಲಿಲ್ಲ" ಅನ್ನುತ್ತಾಳೆ.
ಅವಳ ಅಜ್ಜಿಗೆ ಅರ್ಥವಾಗುವುದಿಲ್ಲ.

ಸೊಹಾರಿನ ಮೂರನೇ ಮಹಡಿಯಲ್ಲಿ
ಹೊಗೆ ಕಂಡರೆ ಕಿರುಚುವ ಬಿಳಿ ಬಟ್ಟಲೊಂದಿತ್ತು ಸೂರಿಗೆ.
ಮೊದಲ ವರ್ಷದ ಕರ್ಪೂರಕ್ಕೇ ಅದು ಕಿರುಚಿ
ಇಡೀ ಕಟ್ಟಡ ಅಬಾಯ, ಲುಂಗಿ, ಬರ್ಮುಡಾಗಳಲ್ಲಿ
ಮೆಟ್ಟಿಲಿಳಿದು ಬೀದಿಗೆ ಬಂದಿತ್ತು
ನಮ್ಮ ಯುಗಾದಿ ನೋಡಲು.
ಅಂದಿನಿಂದ ಪೂಜೆಯೆಂದರೆ
ಇವರು ಸ್ಟೂಲು ಹತ್ತಿ, ಹೋಟೆಲಿನಿಂದ ತಂದ ಸ್ನಾನದ ಟೋಪಿಯನ್ನು
ಅದಕ್ಕೆ ತೊಡಿಸುವುದು.
ಆಮೇಲೆ ಗಣಪತಿ. ಆಮೇಲೆ ಮಿಕ್ಕವರು.

ಅಲ್ಲಿ ಹಬ್ಬಗಳು ಪಂಚಾಂಗ ಕೇಳುತ್ತಿರಲಿಲ್ಲ,
ಇವರ ಶಿಫ್ಟು ಕೇಳುತ್ತಿದ್ದವು.
ಮಂಗಳವಾರದ ಯುಗಾದಿ ಮೂರು ದಿನ ಫ್ರಿಜ್ಜಿನಲ್ಲಿದ್ದು
ಶುಕ್ರವಾರ ಬೆಳಿಗ್ಗೆ ಹೊರಗೆ ಬರುತ್ತಿತ್ತು:
ಕಲಸಿಟ್ಟ ಕಣಕ, ರುಬ್ಬಿಟ್ಟ ಹೂರಣ,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮಾವಿನೆಲೆ,
ಎಣಿಸಿ ಹನ್ನೆರಡು, ಮುನ್ನೂರು ಬೈಸಾ.
ಬೇವು ಮಾತ್ರ ಪುಕ್ಕಟೆ. ರಸ್ತೆ ನಡುವೆ ಸಾಲು ಬೇವು,
ಆ ಬಿಸಿಲಿಗೆ ನಮ್ಮೂರಿನದಕ್ಕಿಂತ ಕಹಿ.
ಕಾರು ನಿಲ್ಲಿಸಿ ಕದ್ದಂತೆ ಎರಡು ಎಸಳು ಮುರಿಯುವಾಗ
ಗಿಡಕ್ಕೆ ನೀರು ಬಿಡುತ್ತಿದ್ದ ಮುಲ್ತಾನಿನ ಮುದುಕ
ಬೈಯುತ್ತಾನೆ ಅಂದುಕೊಂಡೆ.
ಹೂವಿದ್ದ ಕೊಂಬೆ ಬಗ್ಗಿಸಿ ಕೊಟ್ಟ.

ಎದುರು ಮನೆ ಉಮ್ ಯಾಸಿರ್, ಸೂಡಾನಿನವಳು.
ಬೇವು ಬೆಲ್ಲ ಬಾಯಿಗಿಟ್ಟು, ಮುಖ ಹಿಂಡಿ, ನುಂಗಿ
"ಇದು ನಮ್ಮಲ್ಲಿ ಮಲೇರಿಯಾಕ್ಕೆ" ಎಂದಳು.
ಸ್ವಲ್ಪ ಹೊತ್ತು ಬಿಟ್ಟು,
"ಹಬ್ಬಕ್ಕೂ ಆದೀತು."

ಒಂದು ವರ್ಷ ಇವರಿಗೆ ರಜೆ ಸಿಕ್ಕಿ
ಯುಗಾದಿ ಯುಗಾದಿಯ ದಿನವೇ ನಡೆಯಿತು.
ಅವಳ ಉಪವಾಸದ ಕೊನೆಯ ದಿನವೂ ಅದೇ.
ಹೋಳಿಗೆಯ ಘಮ ಅವಳ ಬಾಗಿಲ ಸಂದಿಗೆ ನುಗ್ಗೀತೆಂದು
ನಮ್ಮ ಹೊಸ್ತಿಲಿಗೆ ಒದ್ದೆ ಟವೆಲು ಒತ್ತಿಟ್ಟಿದ್ದೆ.
ಸಂಜೆ ತಾರಸಿಗೆ ಹೋದರೆ ಅವಳೂ ಅಲ್ಲೇ,
ನೀರಿನ ಟ್ಯಾಂಕುಗಳ ನಡುವೆ
ಪಡುವಣಕ್ಕೆ ಕತ್ತು ನೀಡಿ.
"ನೀನ್ಯಾಕೆ?" ಎಂದಳು.
"ಚಂದ್ರನ್ನ ನೋಡೋಕೆ. ನೀನು?"
ನಕ್ಕಳು. ಚಿಮಣಿಯ ಪಕ್ಕ, ಕತ್ತರಿಸಿ ಎಸೆದ ಉಗುರಿನಂತೆ,
ಇತ್ತು. ಅವಳೇ ಮೊದಲು ಕಂಡದ್ದು.
ಚಂದ್ರನ ಕಂಡಮೇಲೆ ಹಿರಿಯರ ಕಾಲು ಮುಟ್ಟಬೇಕಲ್ಲ,
ಬೇರೆ ಹಿರಿಯರು ಯಾರಿದ್ದರು ಆ ತಾರಸಿಯಲ್ಲಿ?
ಬಗ್ಗಿದೆ.
ಅವಳು ಬೆಚ್ಚಿ ಹಿಂದೆ ಸರಿದು, ಎತ್ತಿ ನಿಲ್ಲಿಸಿ
ಮೂರು ಸಲ ಕೆನ್ನೆಗೆ ಕೆನ್ನೆ ತಾಗಿಸಿದಳು.

ಇಲ್ಲಿ ಹಬ್ಬ ತನ್ನ ದಿನಕ್ಕೇ ಬರುತ್ತದೆ.
ಮಾವಿನೆಲೆಗೆ ಕಾಸಿಲ್ಲ.
ಎಲ್ಲರ ಮನೆಯಲ್ಲೂ ಹೋಳಿಗೆ ಇರುವುದರಿಂದ
ಯಾರ ಮನೆಗೂ ಹೋಳಿಗೆ ಕೊಡುವಂತಿಲ್ಲ.
ಒಂದು ಗಂಟೆಗೆಲ್ಲ ಪೂಜೆ, ಊಟ ಮುಗಿದು
ಇವರು, ಹೊಸದಾಗಿ ತೆರೆದ ರಿಪೇರಿ ಅಂಗಡಿಗೆ ಬೀಗ ಹಾಕಿ ಬಂದವರು,
ಏನು ಮಾಡಲೂ ತೋಚದೆ
ಆ ಸ್ಟೂಲಿನ ಮೇಲೇ ಕೂತಿದ್ದಾರೆ.

ಸಂಜೆ ನಾನೊಬ್ಬಳೇ ಮೇಲೆ ಹತ್ತಿದೆ.
ಸಿಗ್ನಲ್ಲಿಗೆ ಕಾದು ನಿಂತಿತ್ತು ಒಂದು ಗೂಡ್ಸು ರೈಲು.
ತೆಂಗಿನ ಗರಿ ಅಡ್ಡ. ಎಡಕ್ಕೆ ಸರಿದೆ,
ಸೀರೆ ಎತ್ತಿ ಕಟ್ಟಿ ನೀರಿನ ತೊಟ್ಟಿಯ ಮೇಲೆ ನಿಂತೆ.
ಅದೇ ಉಗುರು.

ಗಡಿಯಾರ ನೋಡಿಕೊಂಡೆ.
ಅಲ್ಲಿನ್ನೂ ಐದೂಕಾಲು, ಬಿಸಿಲು.
ಉಮ್ ಯಾಸಿರ್ ಒಲೆ ಮುಂದೆ,
ಉಪವಾಸದ ಬಾಯಿ ಒಣಗಿಸಿಕೊಂಡು,
ರುಚಿ ನೋಡದೆ ಉಪ್ಪಿನ ಅಂದಾಜು ಹಾಕುತ್ತಿರುತ್ತಾಳೆ.
ಫೋಟೊ ತೆಗೆದೆ: ಬರೀ ಮಸುಕು, ಅರ್ಧ ಗರಿ.
ಅಳಿಸಿ, ಅವಳು ಕಲಿಸಿದ ಮುರುಕು ಮಾತಿನಲ್ಲಿ
ದನಿ ಕಳಿಸಿದೆ:
ಈ ಸಲ ನಾನು ಮೊದಲು.
ಹೊರಟಿದೆ, ನಿನ್ನ ಕಡೆಗೇ.

ಕೆಳಗಿಳಿದು ಅತ್ತೆಯ ಕಾಲು ಮುಟ್ಟಿ ಏಳುವಾಗ
ಕೆನ್ನೆ ತಾನಾಗಿ ಮುಂದೆ ಹೋಯಿತು.
ಏನೋ ಗುಟ್ಟು ಹೇಳುತ್ತೇನೆಂದು
ಅವರು ಕಿವಿ ಕೊಟ್ಟರು.